ಸವೆಯದ ಜಾಗ

— ಮೇಸ್ತ್ರಿಗಳೇ, ಇದನ್ನು ಸ್ವಲ್ಪ ನೋಡಿ. ಹಿಂದಿನ ಬ್ರೇಕಿನ ಕ್ಯಾಮ್ ಸ್ಪಿಂಡಲ್. ಅದು ಕೂರೋ ತಟ್ಟೆಯನ್ನೂ ತಂದಿದ್ದೀನಿ. ತೂತಿನೊಳಗೆ ಲೊಟಲೊಟ ಅಂತ ಅಲ್ಲಾಡುತ್ತೆ.

— ಯಾವ ಗಾಡಿದಮ್ಮ ಇದು?

— ಅಪ್ಪನ ಜಾವಾ. 1969ರದ್ದು, ಇಲ್ಲೇ ನಮ್ಮ ಮೈಸೂರಿನ ಯಾದವಗಿರಿ ಫ್ಯಾಕ್ಟರಿಯಲ್ಲಿ ತಯಾರಾದದ್ದು. ಅಪ್ಪ ಹೋದಮೇಲೆ ಶೆಡ್ಡಿನಲ್ಲೇ ನಿಂತಿತ್ತು. ಹೋದ ವರ್ಷ ಒಂದು ಚಿಕ್ಕ ಲೇತ್ ತಗೊಂಡೆ. ಮೇಜಿನ ಮೇಲೆ ಕೂರುವಂಥದ್ದು, ನಲವತ್ತು ಕಿಲೋ ತೂಕ. ಸವೆದದ್ದನ್ನೆಲ್ಲ ಒಂದೊಂದಾಗಿ ನಾನೇ ಸರಿಮಾಡಬೇಕು ಅಂತ ಆಸೆ. ಮೊದಲು ಇದಕ್ಕೊಂದು ಹೊಸ ಸ್ಪಿಂಡಲ್ ಕಡೆದು ಹಾಕೋಣ ಅಂತಿದ್ದೆ.

— ಯಾವ ಅಳತೆಗೆ ಕಡೀತೀಯ?

— ಇದೇ ಅಳತೆಗೆ.

— ‘ಇದೇ ಅಳತೆ’ ಅನ್ನೋದು ಈ ತುಂಡಿನಲ್ಲಿ ಎಲ್ಲಿದೆ? ತಗೋ, ಮೈಕ್ರೋಮೀಟರು. ಒಂದು ಕಡೆ ಹಿಡಿದು ತೃಪ್ತಿಪಡಬೇಡ. ಉದ್ದಕ್ಕೂ ಹಿಡಿ, ಕಾಲು ಸುತ್ತು ತಿರುಗಿಸಿ ಮತ್ತೆ ಹಿಡಿ.

— ಎಲ್ಲ ಕಡೆಯೂ ಬೇರೆ ಬೇರೆ ಬರ್ತಿದೆ. ಕ್ಯಾಮ್ ಹತ್ತಿರ ತುಂಬ ಕಡಿಮೆ, ನಡುವೆ ಸ್ವಲ್ಪ ಜಾಸ್ತಿ, ಲಿವರ್ ಕಡೆ ಮತ್ತೆ ಕಡಿಮೆ. ತಿರುಗಿಸಿದರೆ ಅಲ್ಲೂ ವ್ಯತ್ಯಾಸ, ದುಂಡಗೇ ಇಲ್ಲ.

— ಇನ್ನೂ ಆಚೆ ಹೋಗು. ತಟ್ಟೆಯಿಂದ ಹೊರಗೆ ಬಂದು, ಲಿವರ್ ಕೂರೋದಕ್ಕೆ ಮೊದಲು ಉಗುರಿನಗಲ ಒಂದು ಪಟ್ಟಿ ಇದೆಯಲ್ಲ, ಅಲ್ಲಿ ಹಿಡಿ.

— ಇಲ್ಲಿ ಎಲ್ಲಕ್ಕಿಂತ ದಪ್ಪ. ಕ್ಯಾಮ್ ಹತ್ತಿರಕ್ಕಿಂತ 0.37 ಮಿ.ಮೀ. ಜಾಸ್ತಿ. ತಿರುಗಿಸಿದರೂ ಅಷ್ಟೇ ಬರುತ್ತೆ.

— ಅದೇ ನಿನ್ನ ನಕ್ಷೆ. ಆ ಉಗುರಗಲದ ಜಾಗಕ್ಕೆ ಐವತ್ತು ವರ್ಷದಲ್ಲಿ ಯಾವುದೂ ತಾಗಿಲ್ಲ. ಕಾರ್ಖಾನೆಯಲ್ಲಿ ಸಾಣೆ ಹಿಡಿದು ಕಳಿಸಿದ ದಿನ ಎಷ್ಟಿತ್ತೋ ಇವತ್ತೂ ಅಷ್ಟೇ ಇದೆ. ಸವೆದ ತುಂಡು ಕೈಗೆ ಬಂದರೆ ಎಲ್ಲರ ಕಣ್ಣೂ ಸವೆದ ಜಾಗಕ್ಕೇ ಹೋಗುತ್ತೆ. ನಾನು ಕೆಲಸ ಕಲಿತವರು ಮೊದಲ ದಿನ ಹೇಳಿಕೊಟ್ಟಿದ್ದು ಸವೆಯದ ಜಾಗ ಹುಡುಕೋದನ್ನ. ಸೀಲಿನ ಅಡಿ, ಪಿನ್ನಿನ ತುದಿ, ಒತ್ತಿ ಕೂರಿಸಿದ ಬುಷ್ಷಿನ ಬೆನ್ನು, ಎಲ್ಲಾದರೂ ಒಂದು ಕಡೆ ಮೂಲ ಅಳತೆ ಉಳಿದೇ ಇರುತ್ತೆ. ಅದು ಸಿಗೋವರೆಗೆ ಲೇತಿನ ಸ್ವಿಚ್ಚು ಮುಟ್ಟಬಾರದು.

— ತಟ್ಟೆಯ ತೂತಿನಲ್ಲೂ ಹಾಗೇನಾ?

— ಅದು ಇನ್ನೂ ಚೆನ್ನಾಗಿ ಹೇಳುತ್ತೆ. ಬೆಳಕಿಗೆ ಹಿಡಿದು ನೋಡು. ಎರಡು ಬಾಯಿಯೂ ಅಗಲ, ನಡುವೆ ಬಿಗಿ, ಡಮರು ಇದ್ದ ಹಾಗೆ. ಸ್ಪಿಂಡಲ್ ಒಳಗೆ ಓಲಾಡಿದ್ದಕ್ಕೆ ಹಾಗಾಗಿದೆ. ಇನ್ನೊಂದು, ತೂತು ಒಂದೇ ದಿಕ್ಕಿಗೆ ಎಳೆದ ಹಾಗೆ ಉದ್ದವಾಗಿದೆ. ಕ್ಯಾಮ್ ತಿರುಗಿ ಶೂಗಳನ್ನು ಅಗಲಿಸುವಾಗ ಆ ಒತ್ತಡ ವಾಪಸ್ ಬಂದು ಕೂರೋದು ಅದೇ ಗೋಡೆ ಮೇಲೆ. ಎದುರು ಗೋಡೆ ಅರ್ಧ ಕಮಾನಿನಷ್ಟು ಹಾಗೇ ಉಳಿದಿದೆ. ಇದನ್ನು ನೆನಪಿಟ್ಟುಕೋ, ಆಮೇಲೆ ಬೇಕಾಗುತ್ತೆ.

— ಹಾಗಾದರೆ ಸ್ಪಿಂಡಲ್ಲನ್ನು ದಪ್ಪ ಕಡೆದರೆ ಅಗಲವಾದ ತೂತಿಗೆ ಕೂರುತ್ತಲ್ಲ?

— ಕೂರಲ್ಲ. ದುಂಡನೆಯ ಕಂಬಿ ಮೊಟ್ಟೆಯಾಕಾರದ ತೂತಿಗೆ ಎಲ್ಲಿ ಕೂರುತ್ತೆ? ಮೊದಲು ತೂತು ದುಂಡಗಾಗಬೇಕು. ಇನ್ನೊಂದು ಮಾತು. ಇದು ಅಲ್ಯೂಮಿನಿಯಂ ತಟ್ಟೆ, ಸ್ಪಿಂಡಲ್ ಉಕ್ಕು. ಉಕ್ಕು ಉಜ್ಜಿದಾಗೆಲ್ಲ ತಟ್ಟೆ ತೇಯುತ್ತೆ. ಆ ತಟ್ಟೆ ಇನ್ನೊಂದು ಸಿಗೋದು ಕಷ್ಟ. ಹಾಗಾಗಿ ಎರಡರ ನಡುವೆ ಒಂದು ಗನ್‌ಮೆಟಲ್ ಬುಷ್ ಕೂರಿಸೋಣ. ಬುಷ್ ಹುಟ್ಟೋದೇ ಸವೆಯೋದಕ್ಕೆ. ತಟ್ಟೆಯ ಪಾಲಿನ ಸವೆತ, ಸ್ಪಿಂಡಲ್ಲಿನ ಪಾಲಿನ ಸವೆತ, ಎರಡನ್ನೂ ಅದು ತಗೊಳ್ಳುತ್ತೆ. ಇನ್ನು ಇಪ್ಪತ್ತು ವರ್ಷಕ್ಕೆ ಮತ್ತೆ ಲೊಟಲೊಟ ಅಂದರೆ ಹೊಡೆದು ತೆಗೆದು ಇನ್ನೊಂದು ಹಾಕು. ತಟ್ಟೆಗೆ ಏನೂ ಆಗಿರಲ್ಲ.

— ಹಾಗಾದರೆ ಹೊಸ ಸ್ಪಿಂಡಲ್ ಬೇಡವಾ?

— ಯಾಕೆ ಬೇಕು? ಕ್ಯಾಮಿನ ಭಾಗ ಚೆನ್ನಾಗಿದೆ, ಲಿವರಿನ ಹಲ್ಲು ಚೆನ್ನಾಗಿವೆ. ನಿನ್ನ ಲೇತಿನಲ್ಲಿ ಅವೆರಡನ್ನೂ ಮಾಡಕ್ಕಾಗಲ್ಲ. ಸವೆದ ಕತ್ತನ್ನು ಮಾತ್ರ ದುಂಡಗಾಗುವಷ್ಟು ಸವರು, ಬುಷ್ಷನ್ನು ಆ ಹೊಸ ಅಳತೆಗೆ ಮಾಡು. ಸವರೋ ಮೊದಲು ಒಂದು ಅರ ಉಜ್ಜಿ ನೋಡು. ಅರ ಕಚ್ಚಿದರೆ ಮೆತ್ತಗಿದೆ, ಕಡೀಬಹುದು. ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ಮೇಲುಪದರ ಗಟ್ಟಿಮಾಡಿದ್ದಾರೆ ಅಂತ ಅರ್ಥ, ಅದಕ್ಕೆ ಉಳಿ ಹಚ್ಚಬಾರದು. ಆ ಪದರ ಸಾಮಾನ್ಯವಾಗಿ ಒಂದು ಮಿಲಿಮೀಟರೂ ಇರಲ್ಲ. ಅದನ್ನು ತೆಗೆದುಹಾಕಿದರೆ ಒಳಗಿನ ಮೆತ್ತನೆ ಉಕ್ಕು ಒಂದೇ ಮಳೆಗಾಲಕ್ಕೆ ತಿಂದುಹೋಗುತ್ತೆ. ಕಿಕ್ ಶಾಫ್ಟಿನಂಥವನ್ನು ಹಾರ್ಡ್ ಕ್ರೋಮ್ ಹಾಕಿಸಿ ಗ್ರೈಂಡಿಂಗ್ ಮಾಡಿಸೋದೇ ಸರಿ. ವೆಲ್ಡಿಂಗ್ ಹಾಕಿ ತುಂಬಿಸು ಅಂತ ಯಾರಾದರೂ ಹೇಳಿದರೆ ಕೇಳಬೇಡ. ಶಾಫ್ಟು ಸೊಟ್ಟಗಾಗುತ್ತೆ.

— ಜಾವಾದಲ್ಲಿ ಆ ಶಾಫ್ಟಿಗೆ ಎರಡು ಪಟ್ಟು ಕೆಲಸ ಅಲ್ಲವಾ? ಗೇರ್ ಬದಲಾಯಿಸೋ ಕಾಲಿನ ಕೋಲೇ ಒಳಕ್ಕೆ ಒತ್ತಿ ಎತ್ತಿದರೆ ಕಿಕ್ಕರ್ ಆಗುತ್ತೆ. ಅಪ್ಪ ಹಾಗೆ ತಿರುಗಿಸೋದನ್ನ ಚಿಕ್ಕವಳಾಗಿದ್ದಾಗ ಬೆರಗಿನಿಂದ ನೋಡ್ತಿದ್ದೆ.

— ಹೌದು, ಒಂದೇ ಕೋಲು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. ನಮ್ಮ ಕಡೆ ಇಂಥ ಗಾಡಿ ಇನ್ನೊಂದಿರಲಿಲ್ಲ ಆಗ. ಸರಿ, ಈಗ ನಿನ್ನ ತಟ್ಟೆಗೆ ಬರೋಣ. ತೂತನ್ನು ಹೇಗೆ ದೊಡ್ಡದು ಮಾಡ್ತೀಯ?

— ಫೇಸ್‌ಪ್ಲೇಟಿಗೆ ಕಟ್ಟಿ ತಿರುಗಿಸೋಣ ಅಂದುಕೊಂಡೆ. ಆದರೆ ನನ್ನ ಲೇತಿನಲ್ಲಿ 180 ಮಿ.ಮೀ. ವ್ಯಾಸದವರೆಗೆ ಮಾತ್ರ ತಿರುಗುತ್ತೆ. ತಟ್ಟೆ 15 ಸೆಂಟಿಮೀಟರು ದಾಟುತ್ತೆ. ಮೇಲಾಗಿ ಈ ತೂತು ಇರೋದು ಅಂಚಿನಲ್ಲಿ. ಅದನ್ನು ನಡುವಿಗೆ ತಂದರೆ ತಟ್ಟೆಯ ಇನ್ನೊಂದು ಬದಿ ಬೆಡ್ಡಿಗೆ ಬಡಿಯುತ್ತೆ. ಅಲ್ಲಿಗೇ ನಿಂತುಬಿಟ್ಟೆ.

— ತಟ್ಟೆ ತಿರುಗಬೇಕು ಅಂತ ಯಾರು ಹೇಳಿದ್ದು?

— ಲೇತಿನಲ್ಲಿ ತಿರುಗೋದು ಕೆಲಸದ ತುಂಡು ತಾನೆ?

— ಉಳಿಯನ್ನೇ ತಿರುಗಿಸು. ತಟ್ಟೆ ನಿಂತಿರಲಿ. ಕ್ರಾಸ್ ಸ್ಲೈಡಿನ ಮೇಲೆ ಒಂದು ಆ್ಯಂಗಲ್ ಪ್ಲೇಟ್ ಬಿಗಿದು, ಅದರ ಬೆನ್ನಿಗೆ ತಟ್ಟೆಯನ್ನು ನೆಟ್ಟಗೆ ನಿಲ್ಲಿಸು. ತೂತಿರೋ ಅಂಚು ಕೆಳಗೆ ಬರಲಿ. ಆಗ ತೂತಿನಿಂದ ಕೆಳಕ್ಕೆ ಎರಡು ಎರಡೂವರೆ ಸೆಂಟಿಮೀಟರು ಮಾತ್ರ ಉಳಿಯುತ್ತೆ, ಸ್ಲೈಡಿಗೆ ತಾಗಲ್ಲ. ಉಳಿದ ದೊಡ್ಡ ಭಾಗ ಮೇಲೆ ಆಕಾಶಕ್ಕೆ ನಿಂತುಕೊಳ್ಳಲಿ, ಅಲ್ಲಿ ಯಾರ ಅಡ್ಡಿಯೂ ಇಲ್ಲ. 10 ಮಿ.ಮೀ. ದಪ್ಪದ ಒಂದು ಉಕ್ಕಿನ ದಂಡಕ್ಕೆ ಅಡ್ಡಲಾಗಿ ತೂತು ಕೊರೆದು, ಅದರಲ್ಲಿ ಸಣ್ಣದೊಂದು ಉಳಿ ಸಿಕ್ಕಿಸು. ದಂಡದ ಒಂದು ತುದಿ ಚಕ್ಕಿನಲ್ಲಿ, ಇನ್ನೊಂದು ತುದಿ ಟೇಲ್‌ಸ್ಟಾಕಿನ ಸೆಂಟರಿನಲ್ಲಿ. ದಂಡ ತಟ್ಟೆಯೊಳಗೆ ತೂರಿದಮೇಲೆ ಉಳಿ ಹಾಕಬೇಕು, ಮೊದಲೇ ಹಾಕಿದರೆ ಒಳಗೆ ಹೋಗಲ್ಲ. ಈಗ ದಂಡ ತಿರುಗುತ್ತೆ, ಸ್ಯಾಡಲ್ ತಟ್ಟೆಯನ್ನು ನಿಧಾನ ಅದರ ಕಡೆ ತಳ್ಳುತ್ತೆ. ಹಳೇ ಕಾಲದಲ್ಲಿ ಲೇತಿಗಿಂತ ದೊಡ್ಡ ಕೆಲಸ ಬಂದಾಗ ಹೀಗೇ ಮಾಡ್ತಿದ್ದರು. ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತಿನ ಮೇಲೆ ನಾನು ಪಂಪಿನ ಹೌಸಿಂಗುಗಳನ್ನು ಹೀಗೆ ಎಷ್ಟು ಬೋರ್ ಮಾಡಿದ್ದೀನೋ ಲೆಕ್ಕ ಇಲ್ಲ.

— ಇದು ನನಗೆ ಹೊಳೆದೇ ಇರಲಿಲ್ಲ.

— ಚಿಕ್ಕ ಲೇತ್ ಇರೋರಿಗೆ ಹೊಳೀಲೇಬೇಕು. ದೊಡ್ಡ ಲೇತ್ ಇದ್ದವನು ಕಟ್ಟಿ ತಿರುಗಿಸಿಬಿಡ್ತಾನೆ, ಯೋಚನೆ ಮಾಡೋದೇ ಇಲ್ಲ.

— ಉಳಿ ಎಷ್ಟು ಹೊರಗಿದೆ ಅಂತ ತಿಳಿಯೋದು ಹೇಗೆ? ದಂಡದ ಮೇಲೆ ಯಾವ ಡಯಲ್ಲೂ ಇಲ್ಲವಲ್ಲ.

— ದಂಡದ ಬೆನ್ನಿನಿಂದ ಉಳಿಯ ತುದಿವರೆಗೆ ಮೈಕ್ರೋಮೀಟರ್ ಹಿಡಿ. ಬಂದದ್ದನ್ನು ಎರಡರಿಂದ ಗುಣಿಸಿ ದಂಡದ ದಪ್ಪ ಕಳೆ. 10ರ ದಂಡ, 13.50 ಬಂತು ಅನ್ನು. ಎರಡು ಪಟ್ಟು 27, ಅದರಲ್ಲಿ 10 ಹೋದರೆ 17. ತೂತು 17.00 ಆಗುತ್ತೆ. ಒಂದು ಎಚ್ಚರ, ಉಳಿಯನ್ನು 0.05 ಸರಿಸಿದರೆ ತೂತು 0.10 ಬೆಳೆಯುತ್ತೆ. ನಿನ್ನ ಲೇತ್ ಹಗುರ, ದಂಡವೂ ಸಣ್ಣ. ದುರಾಸೆ ಬೇಡ. ಅಲ್ಯೂಮಿನಿಯಂ ಉಳಿಯ ಬಾಯಿಗೆ ಮೆತ್ತಿಕೊಳ್ಳುತ್ತೆ, ಅದಕ್ಕೆ ಆಗಾಗ ಎರಡು ಹನಿ ಸೀಮೆಎಣ್ಣೆ ಬಿಡು.

— ನಡುವನ್ನು ಹಿಡಿಯೋದು? ತೂತೇ ಮೊಟ್ಟೆಯಾಕಾರ ಅಂದಮೇಲೆ ಅದರ ನಡು ಎಲ್ಲಿ?

— ಈಗ ಆ ಅರ್ಧ ಕಮಾನು ನೆನಪು ಮಾಡಿಕೋ. ದಂಡಕ್ಕೆ ಒಂದು ಲಿವರ್ ಡಯಲ್ ಕಟ್ಟಿ, ಚಕ್ಕನ್ನು ಕೈಯಲ್ಲೇ ತಿರುಗಿಸು. ಮುಳ್ಳು ತೂತಿನ ಗೋಡೆ ಸವರಿಕೊಂಡು ಹೋಗಲಿ. ಸವೆದ ಕಡೆ ಮುಳ್ಳು ಬೀಳುತ್ತೆ. ಅದನ್ನು ಲೆಕ್ಕಕ್ಕೆ ತಗೋಬೇಡ. ಸವೆಯದ ಕಮಾನಿನ ಉದ್ದಕ್ಕೂ ಮುಳ್ಳು ಅಲ್ಲಾಡದೆ ನಿಲ್ಲೋವರೆಗೆ ಕ್ರಾಸ್ ಸ್ಲೈಡನ್ನು ಆಚೀಚೆ ಮಾಡು, ಎತ್ತರಕ್ಕೆ ತಗಡಿನ ಶಿಮ್ ಕೊಡು. ಮುಳ್ಳು ನಿಂತ ಕ್ಷಣ ನೀನು ಮೂಲ ಕೇಂದ್ರದಲ್ಲಿದ್ದೀಯ. ಕಣ್ಣಂದಾಜಿಗೆ ಮೊಟ್ಟೆಯ ನಡುವನ್ನೇ ಹಿಡಿದಿದ್ದರೆ ಸವೆತದ ಅರ್ಧದಷ್ಟು ಕೇಂದ್ರ ಜರುಗಿಬಿಡ್ತಿತ್ತು. ಬ್ರೇಕಿನಲ್ಲಿ ಅದು ಅಷ್ಟು ದೊಡ್ಡ ತಪ್ಪಲ್ಲ ಅಂತ ಬಿಡಬಹುದು. ಆದರೆ ಗೇರ್‌ಬಾಕ್ಸಿನ ಬೋರಿನಲ್ಲಿ ಇದೇ ತಪ್ಪು ಮಾಡಿದರೆ ಹಲ್ಲು ಹಲ್ಲಿಗೆ ಕೂರಲ್ಲ, ಗೋಳಾಡುತ್ತೆ ಗಾಡಿ. ಅಭ್ಯಾಸ ಬ್ರೇಕಿನಲ್ಲೇ ಆಗಲಿ. ಹಾಗೇ ಡಯಲ್ಲನ್ನು ತಟ್ಟೆಯ ಮುಖದ ಮೇಲೂ ಒಂದು ಸುತ್ತು ಓಡಿಸು. ಮುಖ ಓರೆ ಇದ್ದರೆ ತೂತು ಓರೆ, ತೂತು ಓರೆ ಆದರೆ ಶೂ ಒಂದೇ ಅಂಚು ತೇಯುತ್ತೆ.

— ಇಷ್ಟಕ್ಕೇ ಒಂದು ದಿನ ಬೇಕು.

— ಬೇಕು. ಹೊಂದಿಸೋದಕ್ಕೆ ಒಂದು ದಿನ, ಕಡೆಯೋದಕ್ಕೆ ಕಾಲು ಗಂಟೆ. ಈ ಲೆಕ್ಕ ಒಪ್ಪದವರು ಲೇತ್ ತಗೋಬಾರದು. ಅದಿರಲಿ, ಕಡೆಯೋದು ಅಂತ ನಾವಿಬ್ಬರೂ ಆಗಿನಿಂದ ಹೇಳ್ತಿದ್ದೀವಲ್ಲ, ಅದು ಎಷ್ಟು ಹಳೇ ಮಾತು ನೋಡು. ಮಜ್ಜಿಗೆಯನ್ನೂ ಕಡೀತೀವಿ, ಮರವನ್ನೂ ಕಡೀತೀವಿ. ನಮ್ಮಜ್ಜಿ ಕಡಗೋಲಿಗೆ ಹಗ್ಗ ಸುತ್ತಿ ಆ ಕಡೆ ಈ ಕಡೆ ಎಳೀತಿದ್ದಳು. ಹಗ್ಗ ಎಳೆದು ಮರ ಕಡೆಯೋ ಹಳೇ ಕೈಲೇತೂ ಹಾಗೇ, ಒಂದು ಸಲ ಮುಂದಕ್ಕೆ ತಿರುಗಿದರೆ ಇನ್ನೊಂದು ಸಲ ಹಿಂದಕ್ಕೆ. ಚನ್ನಪಟ್ಟಣದ ಬೊಂಬೆಯವರಿಗೆ ಮರದ ಮೇಲೆ ಬಣ್ಣದ ಅರಗು ಕರಗೋದು ಬರೀ ತಿರುಗಿ ಉಜ್ಜಿದ ಬಿಸಿಗೆ. ಅದೇ ಬಿಸಿ ಎಣ್ಣೆ ಸಿಗದ ಶಾಫ್ಟಿಗೆ ಬಂದರೆ ಬುಷ್ಷನ್ನೇ ಕಚ್ಚಿಸಿಬಿಡುತ್ತೆ.

— ಬುಷ್ಷಿಗೆ ಗನ್‌ಮೆಟಲ್ ಎಲ್ಲಿ ಸಿಗುತ್ತೆ?

— ಲೋಹದ ಅಂಗಡಿಯಲ್ಲಿ ಕೇಳಿ ತಗೋ, ಗುಜರಿಯ ತುಂಡು ಬೇಡ. ಹಿತ್ತಾಳೆಯನ್ನೇ ಗನ್‌ಮೆಟಲ್ ಅಂತ ಕೊಟ್ಟುಬಿಡ್ತಾರೆ. ಹೊಸದಾಗಿ ಕಡೆದ ಮುಖ ನೋಡು, ಹಿತ್ತಾಳೆ ಹಳದಿ ಹೊಡೆಯುತ್ತೆ, ಗನ್‌ಮೆಟಲ್ ಕೆಂಪಿನ ಕಡೆ ವಾಲುತ್ತೆ. ಉಳಿಯ ಮೇಲುಮುಖ ಸಪಾಟಾಗಿರಲಿ. ಉಕ್ಕಿಗೆ ಸಾಣೆ ಹಿಡಿದ ಹಾಗೆ ಇಳಿಜಾರು ಕೊಟ್ಟರೆ ಲೋಹ ಉಳಿಯನ್ನು ಒಳಕ್ಕೆಳೆದು ಕಚ್ಚಿಕೊಳ್ಳುತ್ತೆ. ಹದಿನೆಂಟು ಮಿಲಿಮೀಟರಿನ ಕಂಬಿಗೆ ನಿಮಿಷಕ್ಕೆ ಆರುನೂರು ಸುತ್ತು ಇಟ್ಟುಕೋ. ಹೊರಮೈ, ಒಳಬೋರು ಎರಡನ್ನೂ ಒಂದೇ ಹಿಡಿತದಲ್ಲಿ ಮುಗಿಸಿ ಆಮೇಲೆ ತುಂಡರಿಸು. ನಡುವೆ ಚಕ್ಕಿನಿಂದ ಬಿಚ್ಚಿ ತಿರುಗಿಸಿ ಹಾಕಿದೆಯೋ, ಮೂರು ದವಡೆಯ ಚಕ್ ಅದನ್ನು ಮತ್ತೆ ಅದೇ ಕೇಂದ್ರಕ್ಕೆ ತರಲ್ಲ.

— ಹೊರಮೈ 17.00ಕ್ಕೇನಾ?

— 17.03ಕ್ಕೆ. ಆ ಮೂರು ಪಾಯಿಂಟೇ ಹಿಡಿತ.

— ಹೊಡೆದು ಕೂರಿಸೋದಾ?

— ಸುತ್ತಿಗೆ ಬೇಡ. ತಟ್ಟೆಯನ್ನು ಹಬೆಯಲ್ಲಿಡು. ಅಡುಗೆಗೆ ಮತ್ತೆ ಬಳಸದ ಒಂದು ಹಳೇ ಇಡ್ಲಿ ಪಾತ್ರೆ ಸಾಕು. ನಮ್ಮ ಮೈಸೂರಿನ ಎತ್ತರದಲ್ಲಿ ನೀರು ನೂರು ಡಿಗ್ರಿಗೆ ಸ್ವಲ್ಪ ಕಡಿಮೆಗೇ ಕುದಿಯುತ್ತೆ, ಆದರೂ ಎಪ್ಪತ್ತು ಡಿಗ್ರಿಯಷ್ಟು ಬಿಸಿ ಏರಿದಾಗ 17ರ ತೂತು ಹತ್ತಿರ ಹತ್ತಿರ 0.03 ಹಿಗ್ಗುತ್ತೆ. ಬುಷ್ಷನ್ನು ಫ್ರೀಜರಿನಲ್ಲಿಟ್ಟರೆ ಅದು ಇನ್ನೊಂದು ಪಾಯಿಂಟು ಕುಗ್ಗುತ್ತೆ. ತಟ್ಟೆಯ ತೇವ ಒರೆಸಿ, ಬುಷ್ಷನ್ನು ಬಾಯಿಗೆ ನೇರ ಹಿಡಿದು ಬಿಡು. ಟಪ್ ಅಂತ ಇಳಿದು ಕೂರುತ್ತೆ. ಒಂದೇ ಉಸಿರಿನಲ್ಲಿ ಆಗಬೇಕು, ಅರ್ಧಕ್ಕೆ ನಿಂತರೆ ಅಲ್ಲೇ ಕಚ್ಚುತ್ತೆ. ತಣ್ಣಗಾದಮೇಲೆ ಒಳಬೋರು ಸ್ವಲ್ಪ ಬಿಗಿಯಾಗಿರುತ್ತೆ, ಅದಕ್ಕೇ ಅಂತಿಮ ಅಳತೆಯನ್ನು ರೀಮರಿನಲ್ಲಿ ಆಮೇಲೆ ತೆಗೆಯೋದು.

— ಸ್ಪಿಂಡಲ್ಲಿಗೂ ಬುಷ್ಷಿಗೂ ನಡುವೆ ಎಷ್ಟು ಬಿಡಬೇಕು? ಸ್ವಲ್ಪವೂ ಅಲ್ಲಾಡದ ಹಾಗೆ ಮಾಡಿದರೆ ಒಳ್ಳೇದಲ್ಲವಾ?

— ಅದೊಂದು ದೊಡ್ಡ ತಪ್ಪು. ಹೊಸದಾಗಿ ಕಲಿತವರೆಲ್ಲ ಬಿಗಿ ಬಿಗಿ ಅಂತಾರೆ. ಯಂತ್ರಕ್ಕೆ ಆಟ ಬೇಕು. ಇಲ್ಲಿ 0.03ರಿಂದ 0.05 ಆಟ ಇರಲಿ. ಗ್ರೀಸು ನಿಲ್ಲೋದು ಆ ಸಂದಿನಲ್ಲೇ. ಆಟವೇ ಇಲ್ಲದಿದ್ದರೆ ಮೊದಲ ಮಳೆಗೆ ತುಕ್ಕು ಹಿಡಿದು ಬ್ರೇಕ್ ಹಿಡಿದದ್ದು ಬಿಡೋದೇ ಇಲ್ಲ. ಆಟ ಹೆಚ್ಚಾದರೆ ಈಗ ಆಗಿರೋ ಹಾಗೆ. ಬಡಗಿ ನೂಲಿನಲ್ಲಿ ಅಳೀತಾನೆ, ಇಂಚಿನ ಎಂಟನೇ ಒಂದು ಪಾಲು ಅವನ ನೂಲು. ಮರಕ್ಕೆ ಅದು ಸಾಕು, ಮರ ತಾನೇ ಉಬ್ಬಿ ಕುಗ್ಗಿ ಹೊಂದಿಕೊಳ್ಳುತ್ತೆ. ಲೋಹಕ್ಕೆ ಆ ಗುಣ ಇಲ್ಲ. ಅದಕ್ಕೆ ಬೇಕಾದ ಆಟವನ್ನು ನಾವೇ ಅಳೆದು ಕೊಡಬೇಕು.

— ಇದು ಆದಮೇಲೆ ಎಂಜಿನ್ನಿನ ಕನೆಕ್ಟಿಂಗ್ ರಾಡಿನ ಮೇಲ್ತುದಿಯ ಬುಷ್ ಮಾಡಬೇಕು. ಪಿನ್ ಅಲ್ಲಾಡ್ತಿದೆ.

— ಮಾಡು. ಆದರೆ ಅಲ್ಲಿ ಒಂದು ವಿಷಯ ಮರೆತರೆ ಎಂಜಿನ್ ಹೋಗುತ್ತೆ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಆ ಪಿನ್ನಿಗೆ ಎಣ್ಣೆ ಅಂದರೆ ಪೆಟ್ರೋಲಿನ ಜೊತೆ ಬೆರೆತು ಬರೋ ಮಂಜು ಅಷ್ಟೇ. ಲೀಟರಿಗೆ 40 ಮಿಲಿ ಹಾಕ್ತೀಯಲ್ಲ, ಅದು. ರಾಡಿನ ನೆತ್ತಿಯಲ್ಲಿ ಆ ಮಂಜು ಇಳಿಯೋದಕ್ಕೆ ತೂತಿದೆ. ಬುಷ್ ಕೂರಿಸಿದಮೇಲೆ ಅದೇ ನೇರಕ್ಕೆ ಬುಷ್ಷಿಗೂ ತೂತು ಕೊರೆದು, ಒಳಗೆ ಎಣ್ಣೆಯ ಕಾಲುವೆ ಕೆತ್ತಿ, ಆಮೇಲೆ ರೀಮರ್ ಹಾಕು. ನನ್ನ ಹತ್ತಿರ ಕೆಲಸಕ್ಕಿದ್ದ ಹುಡುಗನೊಬ್ಬ ಬುಷ್ಷನ್ನು ಕನ್ನಡಿಯ ಹಾಗೆ ಕಡೆದು ತೂತು ಮರೆತ. ಆ ಗಾಡಿ ಶ್ರೀರಂಗಪಟ್ಟಣ ದಾಟಲಿಲ್ಲ. ಕಳಿಸೋ ಮೊದಲು ನೋಡದೇ ಹೋದದ್ದು ನಾನು. ರಿಪೇರಿಯ ಖರ್ಚೆಲ್ಲ ನಾನೇ ಕೊಟ್ಟೆ.

— ಸಿಲಿಂಡರ್ ಬೋರಿಂಗ್?

— ಅದು ನಿನ್ನ ಲೇತಿನ ಕೆಲಸ ಅಲ್ಲ. 65 ಮಿ.ಮೀ. ಬೋರು, ರೆಕ್ಕೆ ಸಮೇತ ಅಷ್ಟು ದಪ್ಪನೆಯ ಎರಕದ ಕಬ್ಬಿಣ. ಬೋರಿಂಗ್ ಅಂಗಡಿಗೆ ಕೊಡು, ಪಿಸ್ಟನ್ ಮೊದಲು ಕೊಂಡು ಕೈಯಲ್ಲಿಟ್ಟುಕೊಂಡು ಹೋಗು, ಪಿಸ್ಟನ್ನಿನ ಅಳತೆಗೆ ಬೋರು ಮಾಡಿಸು. ಬೋರ್ ಆದಮೇಲೆ ಪೋರ್ಟುಗಳ ಅಂಚು ಚಾಕುವಿನ ಹಾಗೆ ಹರಿತವಾಗಿರುತ್ತೆ, ಅದನ್ನು ಮೆಲ್ಲಗೆ ಸವರಿದ್ದಾರಾ ಅಂತ ಬೆರಳಾಡಿಸಿ ನೋಡು, ಇಲ್ಲದಿದ್ದರೆ ರಿಂಗು ಸಿಕ್ಕಿ ಮುರಿಯುತ್ತೆ. ಚಕ್ರದ ಡ್ರಮ್ಮೂ ಅಷ್ಟೇ, ರಿಮ್ ಸಮೇತ ತಿರುಗಿಸಬೇಕು, ದೊಡ್ಡ ಲೇತಿಗೇ ಹೋಗಬೇಕು. ಒಂದು ಕೆಲಸವನ್ನು ಮಾತ್ರ ಕೈಯಿಂದಲೂ ಮಾಡಬೇಡ. ಆ ಹಳೇ ಬ್ರೇಕ್ ಶೂಗಳ ಲೈನರನ್ನು ಲೇತಿನಲ್ಲಿ ಕಡೆಯೋದು, ಉಪ್ಪುಕಾಗದದಲ್ಲಿ ಉಜ್ಜೋದು, ಗಾಳಿ ಊದೋದು, ಯಾವುದೂ ಬೇಡ. ಆ ಕಾಲದ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರ್ತಿತ್ತು. ಆ ದೂಳು ಎದೆಗೆ ಹೋದರೆ ವಾಪಸ್ ಬರಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬದಿಗಿಡು, ಹೊಸ ಶೂ ಹಾಕು.

— ಸರಿ.

— ಇನ್ನೊಂದು, ಬೈತಾನೆ ಅಂದುಕೋಬೇಡ. ಈ ಜಡೆ ಬಿಟ್ಟುಕೊಂಡು ಲೇತಿನ ಮುಂದೆ ನಿಲ್ಲಬೇಡ. ಗಂಟು ಕಟ್ಟಿ ಬಟ್ಟೆಯೊಳಗೆ ಸೇರಿಸು. ದುಪಟ್ಟಾ ಬೇಡ, ಬಳೆ ಬೇಡ, ಉಂಗುರ ಬೇಡ, ಕೈಗವಸು ಖಂಡಿತ ಬೇಡ. ಕೈಗವಸು ರಕ್ಷಣೆ ಅಂತ ತಿಳಿದಿದ್ದಾರೆ ಜನ, ತಿರುಗೋ ಚಕ್ ಅದರ ದಾರ ಹಿಡಿದರೆ ಕೈಯನ್ನೇ ಎಳೆದುಕೊಳ್ಳುತ್ತೆ. ಕನ್ನಡಕ ಹಾಕು. ಚಕ್ ಕೀಲಿ ಕೈಯಲ್ಲಿರಬೇಕು ಅಥವಾ ಗೂಟದಲ್ಲಿರಬೇಕು, ಚಕ್ಕಿನಲ್ಲಿ ಒಂದು ಕ್ಷಣವೂ ಇರಬಾರದು. ಉಕ್ಕಿನ ಸುರುಳಿಯನ್ನು ಕೈಯಲ್ಲಿ ಎಳೀಬೇಡ, ಕೊಕ್ಕೆ ಮಾಡಿಕೋ. ನನ್ನ ಈ ಎಡಗೈ ತೋರುಬೆರಳು ನೋಡು. ಹತ್ತೊಂಬತ್ತನೇ ವಯಸ್ಸಿನದು.

— ಅಪ್ಪನ ಕಾಲದಲ್ಲಿ ಫ್ಯಾಕ್ಟರಿ ಇತ್ತು, ಬಿಡಿಭಾಗ ಸಿಗ್ತಿತ್ತು. ಈಗ ಎಲ್ಲ ನಾವೇ ಹುಡುಕಬೇಕು.

— 1961ರಲ್ಲಿ ಶುರುವಾದದ್ದು, 1996ರಲ್ಲಿ ಬಾಗಿಲು ಹಾಕಿತು. ಮೂವತ್ತೈದು ವರ್ಷ. ಶಿಫ್ಟ್ ಬಿಟ್ಟಾಗ ಆ ರಸ್ತೆಯಲ್ಲಿ ಸೈಕಲ್ಲುಗಳ ಹೊಳೆ ಹರೀತಿತ್ತು. ಆ ಐಡಿಯಲ್ ಜಾವಾ ಫ್ಯಾಕ್ಟರಿ ಹೋಯಿತು, ಲೇತ್ ಮಾಡ್ತಿದ್ದ ಹರಿಹರದ ಕಾರ್ಖಾನೆಯೂ ಮುಚ್ಚಿತು. 2018ರಲ್ಲಿ ಜಾವಾ ಹೆಸರಿನ ಗಾಡಿ ಮತ್ತೆ ಬಂತು, ಒಳ್ಳೇದೇ. ಆದರೆ ಅದು ನಾಲ್ಕು ಸ್ಟ್ರೋಕಿನದು, ನೀರಿನಲ್ಲಿ ತಣಿಯೋ ಎಂಜಿನ್. ಇದರ ಒಂದು ಬುಷ್ಷಿಗೂ ಅದರಿಂದ ಉಪಯೋಗವಿಲ್ಲ. ಅಂಗಡಿಯಲ್ಲಿ ಸಿಗೋ ನಕಲಿ ಭಾಗ ಬೇಕಾದಷ್ಟಿವೆ. ಅವುಗಳ ತೊಂದರೆ ಏನು ಗೊತ್ತಾ? ಸವೆದ ತುಂಡನ್ನೇ ಮಾದರಿ ಇಟ್ಟುಕೊಂಡು ಅದರ ಅಳತೆಗೇ ಮಾಡಿರ್ತಾರೆ. ಹೊಸದಾಗಿ ಹಾಕಿದ ದಿನವೇ ಅದು ಹತ್ತು ವರ್ಷ ಓಡಿದ ಭಾಗ. ಬರೀ ಕ್ರೋಮ್ ಹೊಳಪು ನೋಡಿ ಗಾಡಿ ಹೊಸದಾಯಿತು ಅಂತ ಖುಷಿಪಡ್ತಾರೆ ಜನ. ನನಗೆ ಅದು ಸರಿಬರಲ್ಲ. ಬಣ್ಣ ಮಾಸಿರಲಿ, ಆಟ ಸರಿಯಿದ್ದರೆ ಅದು ರಿಪೇರಿಯಾದ ಗಾಡಿ.

— ಕಾರ್ಖಾನೆಯ ನಕ್ಷೆಗಳು ನಮ್ಮ ಕೈಗೆ ಸಿಗಲ್ಲ. ಮತ್ತೆ ಮೂಲ ಅಳತೆ ಎಲ್ಲರಿಗೂ ಹೇಗೆ ಗೊತ್ತಾಗಬೇಕು?

— ಈ ಪುಸ್ತಕ ನೋಡು. ಹಳೇ ಲೆಕ್ಕದ ಪುಸ್ತಕ, ಅರ್ಧಕ್ಕೆ ಸಾಲ ಬರೆದಿದೆ, ಅರ್ಧಕ್ಕೆ ಅಳತೆ. ಅಂಗಡಿಗೆ ಬಂದ ಒಂದೊಂದು ಭಾಗದ ಸವೆಯದ ಜಾಗ ಎಲ್ಲಿತ್ತು, ಅಲ್ಲಿ ಎಷ್ಟು ಬಂತು, ಯಾವ ತಾರೀಖು. ಕಿಕ್ ಶಾಫ್ಟ್ ಇದೆ, ಸ್ವಿಂಗ್ ಆರ್ಮ್ ಪಿನ್ ಇದೆ, ಸೆಂಟರ್ ಸ್ಟ್ಯಾಂಡಿನ ಬೋಲ್ಟ್ ಇದೆ. ಹಿಂದಿನ ಬ್ರೇಕಿನ ಸ್ಪಿಂಡಲ್ ಇಲ್ಲ. ಸವೆದದ್ದು ಬಂದಿರಲಿಲ್ಲ ಅಂತಲ್ಲ, ಬರೆಯೋ ಹೊತ್ತಿಗೆ ಗಿರಾಕಿ ಅವಸರ ಮಾಡಿರ್ತಾನೆ, ಬಿಟ್ಟುಹೋಗಿರುತ್ತೆ.

— ನಾನು ಬರೀಲಾ ಇದರಲ್ಲಿ?

— ಬರಿ. ಆ ಉಗುರಗಲದ ಪಟ್ಟಿಯ ಅಳತೆ ಇನ್ನೊಂದು ಸಲ ತಗೊಂಡು ಬರಿ. ಮೊದಲ ಸಲ ಮೈಕ್ರೋಮೀಟರನ್ನು ಜೋರಾಗಿ ಬಿಗಿದೆ ನೀನು, ರಾಚೆಟ್ಟಿನಿಂದ ತಿರುಗಿಸು, ಮೂರು ಸಲ ಕಟಕಟ ಅಂದಮೇಲೆ ಓದು. ಆಮೇಲೆ ಈ ಪುಟಗಳನ್ನೆಲ್ಲ ಫೋಟೋ ಹಿಡಿದುಕೊಂಡು ಹೋಗು. ನಿನಗೆ ಗೊತ್ತಿರೋ ಹಳೇ ಗಾಡಿಯವರಿಗೆಲ್ಲ ಕೊಡು, ಒಂದು ಮಾತೂ ಹೇಳು. ಸವೆದ ಭಾಗವನ್ನು ಗುಜರಿಗೆ ಹಾಕೋ ಮೊದಲು ಎಣ್ಣೆ ಒರೆಸಿ, ಉಜ್ಜದೇ ಉಳಿದ ಜಾಗ ಹುಡುಕಿ, ಅಳೆದು, ಗಾಡಿಯ ವರ್ಷದ ಜೊತೆ ಬರೆದಿಡಿ ಅಂತ.